ಬೆಂಗಳೂರಿನ ಒಂದು ಬಾರ್, ಮಂಗಳೂರಿನ ಒಂದು ಬಾರ್

ನನ್ನದು ಹಳೆಯ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. 1.8 ಲೀಟರ್ ಟರ್ಬೊ ಪೆಟ್ರೋಲ್, ಹೊಸದರಲ್ಲಿ 150 ಎಚ್‌ಪಿ. ಇಂಟೇಕ್, ಎಕ್ಸಾಸ್ಟ್ ಬದಲಾಯಿಸಿದ ಮೇಲೆ ಬೂಸ್ಟ್ ಮೇಲೆ, ಅಂದರೆ ಟರ್ಬೊ ಎಂಜಿನ್‌ಗೆ ಒತ್ತಿ ತುಂಬುವ ಗಾಳಿಯ ಒತ್ತಡದ ಮೇಲೆ, ಕಣ್ಣು ಬಿತ್ತು.

ಅಗ್ಗದ ದಾರಿ ಅಂತ ಮ್ಯಾನುವಲ್ ಬೂಸ್ಟ್ ಕಂಟ್ರೋಲರ್ ಹಾಕಿದೆ. ಬೆರಳುದ್ದದ ಹಿತ್ತಾಳೆ ತುಂಡು. ಒಳಗೆ ಒಂದು ಬಾಲ್, ಸ್ಪ್ರಿಂಗ್, ತುದಿಯಲ್ಲಿ ಸ್ಕ್ರೂ. ವೇಸ್ಟ್‌ಗೇಟ್ ಅಂದರೆ ಎಕ್ಸಾಸ್ಟ್ ಅನಿಲವನ್ನು ಟರ್ಬೊಗೆ ಹೋಗದಂತೆ ಪಕ್ಕಕ್ಕೆ ಬಿಟ್ಟು ಬೂಸ್ಟ್ ಮಿತಿಯಲ್ಲಿಡುವ ಬಾಗಿಲು. ಅದನ್ನು ತೆರೆಯಲು ಟರ್ಬೊದಿಂದ ಹೋಗುವ ಗಾಳಿಯನ್ನು ಬಾಲ್ ತಡೆಯುತ್ತದೆ. ಸ್ಕ್ರೂ ಬಿಗಿಯಾದಷ್ಟೂ ವೇಸ್ಟ್‌ಗೇಟ್ ತಡವಾಗಿ ತೆರೆಯುತ್ತದೆ, ಬೂಸ್ಟ್ ಏರುತ್ತದೆ. ಸಲಕ್ಕೆ ಕಾಲು ಸುತ್ತು ತಿರುಗಿಸುವುದು, ಬೆಳಗಿನ ಜಾವ ಖಾಲಿ ರಸ್ತೆಯಲ್ಲಿ ಮೂರನೇ ಗೇರ್‌ನಲ್ಲಿ ಎಳೆಯುವುದು, ಗೇಜ್ ನೋಡುವುದು. ಹೀಗೆ 1 ಬಾರ್‌ಗೆ (ಬಾರ್ ಅಂದರೆ ಒತ್ತಡದ ಅಳತೆ) ತಂದು ನಿಲ್ಲಿಸಿದೆ. ಟ್ಯಾಂಕಿಗೆ 95 ಆಕ್ಟೇನ್ ಪೆಟ್ರೋಲ್. ಎರಡು ತಿಂಗಳು ಖುಷಿಯೋ ಖುಷಿ.

ಏಪ್ರಿಲ್‌ನಲ್ಲಿ ಮಂಗಳೂರಿಗೆ ಹೊರಟೆ. ಶಿರಾಡಿ ಇಳಿದು, ಬಿ.ಸಿ.ರೋಡ್ ದಾಟಿ, ಒಂದು ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಡಬ್ಬದಲ್ಲಿ ಗೋಲಿ ಅಲ್ಲಾಡಿಸಿದಂಥ ಸದ್ದು. ನಾಕಿಂಗ್! ಅಂದರೆ ಸಿಲಿಂಡರ್ ಒಳಗೆ ಪೆಟ್ರೋಲ್ ಮಿಶ್ರಣ ತಾನಾಗಿಯೇ ಸಿಡಿಯುವುದು. ಗೇಜ್ ಮಾತ್ರ ಅದೇ 1 ಬಾರ್ ತೋರಿಸುತ್ತಿದೆ.

ರಾತ್ರಿ ಕಾರಿನ ಕಂಪ್ಯೂಟರ್ ಓದುವ ವಿಸಿಡಿಎಸ್ ಕೇಬಲ್ ಚುಚ್ಚಿ, ಬೂಸ್ಟ್ ಅಂಕಿಗಳಿರುವ ಗ್ರೂಪ್ 115 ತೆರೆದಾಗ ಅರ್ಥವಾಯಿತು. ಗೇಜ್ ತೋರಿಸುವುದು ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಅಂತ. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಅಲ್ಲಿ ಹೊರಗಿನ ಒತ್ತಡವೇ ಸುಮಾರು 0.91 ಬಾರ್. ಮಂಗಳೂರಿನಲ್ಲಿ 1.01. ಸ್ಪ್ರಿಂಗ್‌ಗೆ ಇದೆಲ್ಲಾ ಗೊತ್ತಿಲ್ಲ, ಎರಡೂ ಕಡೆ 1 ಬಾರ್ ಸೇರಿಸುತ್ತದೆ. ಹಾಗಾಗಿ ಬೆಂಗಳೂರಿನಲ್ಲಿ 1.91 ಕುಡಿಯುತ್ತಿದ್ದ ಎಂಜಿನ್‌ಗೆ ಇಲ್ಲಿ 2.01, ಜೊತೆಗೆ ಕರಾವಳಿಯ ಸೆಕೆ. ಗ್ರೂಪ್ 020ರಲ್ಲಿ ನೋಡಿದರೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ನಾಲ್ಕೂ ಸಿಲಿಂಡರ್‌ಗಳ ಟೈಮಿಂಗ್, ಅಂದರೆ ಕಿಡಿ ಹಚ್ಚುವ ಗಳಿಗೆ, ಹಿಂದಕ್ಕೆ ಎಳೆದಿತ್ತು. ಪಿಸ್ಟನ್ ಉಳಿದದ್ದು ಅದರಿಂದ, ನನ್ನ ಜಾಣತನದಿಂದಲ್ಲ.

ವಾಪಸ್ ಬಂದು ಹಿತ್ತಾಳೆ ತುಂಡು ಕಿತ್ತೆ. ಇಸಿಯು ಹೇಳಿದಂತೆ ಬೂಸ್ಟ್ ನಿಯಂತ್ರಿಸುವ, ಕಂಪನಿಯ ಎನ್75 ಸೊಲೆನಾಯ್ಡ್ (ವಿದ್ಯುತ್ ವಾಲ್ವ್) ಮತ್ತೆ ಕೂರಿಸಿ ಇಸಿಯು ರೀಮ್ಯಾಪ್ ಮಾಡಿಸಿದೆ, ಅಂದರೆ ಅದರ ಸಾಫ್ಟ್‌ವೇರ್ ಬದಲಾಯಿಸಿದೆ. ಇಸಿಯು ಲೆಕ್ಕ ಹಾಕುವುದು ಒಟ್ಟು ಒತ್ತಡವನ್ನು. ಗುರಿ 1900 ಮಿಲಿಬಾರ್, ಅಂದರೆ 1.9 ಬಾರ್.

ಆದರೂ ಎರಡನೇ ದಿನವೇ ಬೂಸ್ಟ್ ಜಿಗಿದು ಕಾರು ಲಿಂಪ್ ಮೋಡ್‌ಗೆ (ಎಂಜಿನ್ ಉಳಿಸಲು ಶಕ್ತಿ ಕಡಿತ) ಹೋಯಿತು. ರೀಮ್ಯಾಪ್ ಮಾಡಿದವರನ್ನು ಮನಸ್ಸಿನಲ್ಲೇ ಬೈದದ್ದೂ ಆಯಿತು. ಆಮೇಲೆ ಎನ್75ರ ಪ್ಲಗ್ ತೆಗೆದು ಓಡಿಸಿ ನೋಡಿದೆ. ಪ್ಲಗ್ ಇಲ್ಲದಿದ್ದರೆ ಬೂಸ್ಟ್ ವೇಸ್ಟ್‌ಗೇಟ್ ಸ್ಪ್ರಿಂಗ್‌ನ ಮಟ್ಟದಲ್ಲೇ ನಿಲ್ಲಬೇಕು, ನನ್ನ ಕಾರಿಗೆ 0.4 ಆಸುಪಾಸು. ನಿಲ್ಲಲಿಲ್ಲ, 0.8 ದಾಟಿತು. ಅಂದರೆ ತಪ್ಪು ಸಾಫ್ಟ್‌ವೇರ್‌ನದ್ದಲ್ಲ. ವೇಸ್ಟ್‌ಗೇಟ್ ತೆರೆಯುವ ಆಕ್ಚುಯೇಟರ್‌ನ ಹೋಸ್ ಬಗ್ಗಿಸಿ ನೋಡಿದರೆ ಕ್ಲಿಪ್ ಕೆಳಗೆ ಉಗುರು ಗೀರಿದಷ್ಟು ಸೀಳು. ಗಾಳಿ ಅಲ್ಲೇ ಸೋರಿ, ವೇಸ್ಟ್‌ಗೇಟ್‌ಗೆ ಪೂರ್ತಿ ಒತ್ತಡ ತಲುಪುತ್ತಲೇ ಇರಲಿಲ್ಲ. ಒಂದಡಿ ಹೊಸ ಹೋಸ್ ಹಾಕಿದೆ, ಮುಗಿಯಿತು.

ಈಗ ಬೆಂಗಳೂರಿನಲ್ಲಿ ಗೇಜ್ 1 ಬಾರ್, ಮಂಗಳೂರಿನಲ್ಲಿ 0.9. ಕಳೆದ ಸಲ ಅಲ್ಲಿನ ಗೆಳೆಯ ಪಕ್ಕದಲ್ಲಿ ಕೂತು, "ಬೂಸ್ಟ್ ಕಮ್ಮಿ ಆಯ್ತಲ್ಲ ಮಾರಾಯಾ, ಎಲ್ಲೋ ಲೀಕ್ ಉಂಟು" ಅಂದ. ಲ್ಯಾಪ್‌ಟಾಪ್ ತೆರೆದು 1900 ತೋರಿಸಿದೆ. ಅವನು ಇನ್ನೂ ನಂಬಿಲ್ಲ.