ಮಿಂಗಸ್‌ನ ‘ಫೇಬಲ್ಸ್ ಆಫ್ ಫಾಬಸ್’ ಕೇಳುವ ಬಗೆ

ಹಿನ್ನೆಲೆ ಇಷ್ಟು ಗೊತ್ತಿದ್ದರೆ ಸಾಕು. 1957ರಲ್ಲಿ ಅಮೆರಿಕದ ಅರ್ಕನ್ಸಾ ರಾಜ್ಯದ ಗವರ್ನರ್ ಆರ್ವಲ್ ಫಾಬಸ್, ಒಂಬತ್ತು ಮಂದಿ ಕಪ್ಪು ವಿದ್ಯಾರ್ಥಿಗಳು ಲಿಟಲ್ ರಾಕ್‌ನ ಸೆಂಟ್ರಲ್ ಹೈಸ್ಕೂಲಿಗೆ ಕಾಲಿಡದಂತೆ ನ್ಯಾಷನಲ್ ಗಾರ್ಡ್ ಎಂಬ ರಾಜ್ಯದ ಸೇನಾಪಡೆಯನ್ನು ನಿಲ್ಲಿಸಿದ. ಮರುವರ್ಷದ ಚುನಾವಣೆಯಲ್ಲಿ ಮತ್ತೆ ಗೆದ್ದ. ಜಾಝ್ ಸಂಗೀತಗಾರ, ಬೇಸ್ (ಕೆಳಸ್ವರದ ದೊಡ್ಡ ತಂತಿವಾದ್ಯ) ವಾದಕ ಚಾರ್ಲ್ಸ್ ಮಿಂಗಸ್ ಈ ಹಾಡು ಕಟ್ಟಿದ್ದು ಇವನ ಮೇಲೆ.

ಫೋನಿನ ಸ್ಪೀಕರಿನಲ್ಲಿ ಮಾತ್ರ ಕೇಳಬೇಡಿ. ಅದರಲ್ಲಿ ಬೇಸ್‌ನ ಕೆಳಸ್ವರಗಳೇ ಬರುವುದಿಲ್ಲ, ಅರ್ಧ ಹಾಡು ಹೋದಂತೆ. ಹೆಡ್‌ಫೋನ್ ಹಾಕಿ, ಮೊದಲು 1959ರ ‘ಮಿಂಗಸ್ ಆಹ್ ಅಮ್’ ಆಲ್ಬಮ್ಮಿನ ಆವೃತ್ತಿ ಹಾಕಿ. ಇಲ್ಲಿ ಮಾತಿಲ್ಲ, ವಾದ್ಯವಷ್ಟೇ. ಮೊದಲ ಸಲ ಪಲ್ಲವಿಯನ್ನಷ್ಟೇ ಹಿಡಿಯಿರಿ: ಟ್ರಾಂಬೋನ್, ಸ್ಯಾಕ್ಸೊಫೋನ್‌ಗಳು ಯಾರನ್ನೋ ಅಣಕಿಸುತ್ತ ನಡೆಯುತ್ತವೆ. ಎರಡನೇ ಸಲ ಬೇಸ್ ಒಂದನ್ನೇ ಹಿಂಬಾಲಿಸಿ. ಸೋಲೊಗಳ (ಒಬ್ಬೊಬ್ಬರೇ ಮುಂದೆ ಬಂದು ನುಡಿಸುವ ಭಾಗಗಳ) ನಡುವೆ ಲಯದ ನಡೆ ಬದಲಾಗುತ್ತದೆ. ಹೊಸಬರು ದಾರಿ ತಪ್ಪುವುದು ಅಲ್ಲೇ. ಬೇಸ್ ಬಿಡದಿದ್ದರೆ ಪಲ್ಲವಿ ಮರಳುವುದು ತಿಳಿಯುತ್ತದೆ.

ಆಮೇಲೆ 1960ರಲ್ಲಿ ಕ್ಯಾಂಡಿಡ್ ರೆಕಾರ್ಡ್ ಕಂಪನಿಗೆ ಧ್ವನಿಮುದ್ರಿಸಿದ ಆವೃತ್ತಿ. ಹುಡುಕುವಾಗ ಇದರ ಹೆಸರಿನಲ್ಲಿರುವ ‘ಒರಿಜಿನಲ್’ ಪದ ಸೇರಿಸದಿದ್ದರೆ 1959ರದೇ ಸಿಗುತ್ತದೆ. ಪಿಯಾನೊ ಇಲ್ಲದೆ ನಾಲ್ವರೇ ನುಡಿಸುತ್ತಾರೆ. ಇದರಲ್ಲಿ ಮಿಂಗಸ್ ಪ್ರಶ್ನೆ ಎಸೆಯುತ್ತಾನೆ, ಡ್ರಮ್ಮರ್ ಡ್ಯಾನಿ ರಿಚ್ಮಂಡ್ ಫಾಬಸ್‌ನ ಹೆಸರು ಕೂಗಿ ಉತ್ತರಿಸುತ್ತಾನೆ. ನನ್ನ ಓಟು ಇದಕ್ಕೇ. ಆದರೆ ಇದನ್ನೇ ಮೊದಲು ಕೇಳಿದರೆ ಕಿವಿಯೆಲ್ಲ ಮಾತಿನ ಮೇಲೆ ಹೋಗುತ್ತದೆ, ವಾದ್ಯಗಳೇ ಬೈಯುತ್ತಿರುವುದು ಗಮನಕ್ಕೆ ಬರುವುದಿಲ್ಲ.