ಸೊಂಟದ ಕೆಳಗೆ ಎರಡು ಬ್ಲಾಕ್: ನಾನು ಎಸ್‌ಓಟಿ ಮಾಡುವ ರೀತಿ

ಕೈರೋಪ್ರ್ಯಾಕ್ಟಿಕ್, ಅಂದರೆ ಬೆನ್ನು ಮತ್ತು ಕೀಲುಗಳಿಗೆ ಕೈಯಿಂದ ಕೊಡುವ ಚಿಕಿತ್ಸೆ ಅಂದ ಕೂಡಲೇ ಈಗ ಎಲ್ಲರೂ ಹೇಳುವುದು ಕತ್ತು ತಿರುಗಿಸಿ ಲಟಕ್ ಅನ್ನಿಸುವ ವಿಡಿಯೋಗಳ ಬಗ್ಗೆ. ಅದರಲ್ಲೇ ನಾನು ಬಳಸುವ, ಸೊಂಟದ ಕೆಳಗೆ ಬ್ಲಾಕ್ ಇಟ್ಟು ಮಲಗಿಸುವ ವಿಧಾನದಲ್ಲಿ ಆ ಸದ್ದೇ ಇಲ್ಲ. ಇದರ ಪೂರ್ತಿ ಹೆಸರು ಸ್ಯಾಕ್ರೋ ಆಕ್ಸಿಪಿಟಲ್ ಟೆಕ್ನಿಕ್, ಸುಲಭಕ್ಕೆ ಎಸ್‌ಓಟಿ. ಅಮೆರಿಕದ ನೆಬ್ರಾಸ್ಕಾದಲ್ಲಿ 1920ರ ದಶಕದಲ್ಲಿ ಮೇಜರ್ ಬರ್ಟ್ರಂಡ್ ಡಿಜಾರ್ನೆಟ್ ಇದನ್ನು ಶುರುಮಾಡಿದರು (ಮೇಜರ್ ಅನ್ನುವುದು ಅವರ ಹೆಸರೇ, ಸೇನೆಯ ಹುದ್ದೆಯಲ್ಲ).

ನಾನು ಫಿಸಿಯೋಥೆರಪಿಸ್ಟ್. ಸೊಂಟನೋವು ಅಂತ ಬರುವ ಎಲ್ಲರಿಗೂ ಇದನ್ನು ಮಾಡುವುದಿಲ್ಲ. ಡಿಜಾರ್ನೆಟ್ ರೋಗಿಗಳನ್ನು ಮೂರು ಗುಂಪು ಮಾಡಿದ್ದರು. ಮೊದಲನೆಯದರಲ್ಲಿ ಅವರು ಬೆನ್ನುಹುರಿಯ ಹೊದಿಕೆಯ ಬಿಗಿತದ ಬಗ್ಗೆ ಮಾತಾಡುತ್ತಾರೆ, ತಲೆಬುರುಡೆಯವರೆಗೂ ಹೋಗುತ್ತಾರೆ. ಆ ವಾದ ನನಗೆ ಒಪ್ಪಿಗೆಯಿಲ್ಲ, ಅದನ್ನು ಬಿಟ್ಟಿದ್ದೇನೆ. ಎರಡನೆಯದು ಸ್ಯಾಕ್ರೋಇಲಿಯಾಕ್ ಕೀಲು (ಬೆನ್ನೆಲುಬಿನ ಬುಡ ಸೊಂಟದ ಮೂಳೆಗೆ ಸೇರುವ ಕೀಲು) ಭಾರ ತಾಳದೆ ನೋಯುವುದು, ಅಂದರೆ ಬೆನ್ನಿನ ಕೆಳತುದಿಯಲ್ಲಿ ಎಡಕ್ಕೋ ಬಲಕ್ಕೋ ಬೆರಳಿಟ್ಟು 'ಇಲ್ಲೇ ಡಾಕ್ಟ್ರೇ' ಅಂತ ತೋರಿಸುತ್ತಾರಲ್ವಾ, ಆ ಜಾಗ. ಮೂರನೆಯದು ಬೆನ್ನೆಲುಬಿನ ಮೂಳೆಗಳ ನಡುವಿನ ಡಿಸ್ಕ್‌ನ ತೊಂದರೆಯಿಂದ ಕಾಲಿಗೆ ಇಳಿಯುವ ಸಯಾಟಿಕಾ ನೋವು. ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಎರಡನೆಯದು.

ಮೊದಲು ಪರೀಕ್ಷೆ. ಮಲಗಿಸಿ ಎರಡೂ ಕಾಲಿನ ಉದ್ದ ನೋಡುವ ಪದ್ಧತಿ ಇದೆ, ಆದರೆ ಅದೊಂದನ್ನೇ ನಂಬಬಾರದು, ನೋಡುವ ಕಣ್ಣು ಬದಲಾದರೆ ಉತ್ತರವೂ ಬದಲಾಗುತ್ತದೆ. ಅದಕ್ಕೇ ನಾನು ಕೀಲನ್ನು ಬೇರೆಬೇರೆ ಕಡೆಯಿಂದ ಒತ್ತಿ ನೋಡುತ್ತೇನೆ. ಅಂಥ ಪರೀಕ್ಷೆಗಳಲ್ಲಿ ಮೂರರಲ್ಲಾದರೂ ಅವರದೇ ಹಳೆಯ ನೋವು ಎದ್ದರೆ ಮಾತ್ರ ಮುಂದಿನ ಮಾತು. ಆಮೇಲೆ ಅಂಗಾತ ಮಲಗಿಸಿ ಒಂದೊಂದೇ ಕಾಲನ್ನು ನೇರವಾಗಿ ಸ್ವಲ್ಪ ಎತ್ತಿಸುತ್ತೇನೆ. ಯಾವ ಕಾಲು ಭಾರ ಅನಿಸಿತು ಅಂತ ಕೇಳಿ ಬರೆದಿಟ್ಟುಕೊಳ್ಳುತ್ತೇನೆ.

ಬ್ಲಾಕ್ ಅಂದರೆ ನಿಂತ ಲಾರಿಯ ಚಕ್ರಕ್ಕೆ ಕೊಡುವ ಮರದ ತುಂಡಿನ ಆಕಾರದ್ದು, ಮೇಲೆ ಮೆತ್ತನೆ ಹೊದಿಕೆ ಇರುತ್ತದೆ. ಎರಡನೇ ಗುಂಪಿನವರು ಅಂಗಾತ ಮಲಗಬೇಕು. ಗಿಡ್ಡ ಅನ್ನಿಸಿದ ಕಾಲಿನ ಕಡೆ ಸೊಂಟದ ಮೂಳೆಯ ಮೇಲ್ಭಾಗದ ಕೆಳಗೆ ಒಂದು, ಇನ್ನೊಂದು ಕಡೆ ಸ್ವಲ್ಪ ಕೆಳಗೆ, ಪೃಷ್ಠದ ಹತ್ತಿರ ಇನ್ನೊಂದು. ನಾನು ಒತ್ತುವುದಿಲ್ಲ, ಎಳೆಯುವುದಿಲ್ಲ. ಅವರ ಮೈಭಾರವೇ ಕೆಲಸ ಮಾಡುತ್ತದೆ. ಸುಮ್ನೆ ಉಸಿರಾಡಿಕೊಂಡು ಕೆಲವು ನಿಮಿಷ ಮಲಗಿದರೆ ಸಾಕು. ಮಲಗಿದ್ದಾಗ ನೋವು ಜಾಸ್ತಿಯಾದರೆ ಅಥವಾ ಕಾಲಿಗೆ ಇಳಿದರೆ ಅಲ್ಲಿಗೇ ತೆಗೆದುಬಿಡುತ್ತೇನೆ, ಸಹಿಸಿಕೊಳ್ಳಿ ಅಂತ ಯಾವತ್ತೂ ಹೇಳುವುದಿಲ್ಲ. ಬ್ಲಾಕ್ ತೆಗೆದ ಮೇಲೆ ಮತ್ತೆ ಕಾಲು ಎತ್ತಿಸುತ್ತೇನೆ. ಹಗುರವಾಗಿದೆ ಅಂದರೆ ಮುಂದುವರಿಸುತ್ತೇನೆ, ಏನೂ ವ್ಯತ್ಯಾಸ ಇಲ್ಲ ಅಂದರೆ ಈ ದಾರಿ ಅವರಿಗಲ್ಲ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. 'ಮೂಳೆ ಜಾರಿತ್ತು, ಕೂರಿಸಿದೆ' ಅಂತ ನಾನು ರೋಗಿಗೆ ಹೇಳುವುದಿಲ್ಲ. ಈ ಕೀಲು ಅಲುಗಾಡುವುದೇ ಎರಡು ಮೂರು ಡಿಗ್ರಿಯಷ್ಟು. 1998ರಲ್ಲಿ ಸ್ವೀಡನ್ನಿನ ಸಂಶೋಧಕರು ವಿಶೇಷ ಎಕ್ಸ್‌ರೇ ವಿಧಾನದಿಂದ ಅಳೆದು ನೋಡಿದಾಗ, ಕೈಯಿಂದ ಜೋರಾಗಿ ತಳ್ಳಿ ಚಿಕಿತ್ಸೆ ಕೊಟ್ಟ ಮೇಲೂ ಕೀಲಿನ ಜಾಗ ಬದಲಾಗಿರಲಿಲ್ಲ. ಹಾಗಿರುವಾಗ ಮೆತ್ತಗಿನ ಬ್ಲಾಕ್ ಮೂಳೆ ಸರಿಸೀತೇ? ನನ್ನ ಪ್ರಕಾರ ಸುತ್ತಲಿನ ಸ್ನಾಯುಗಳ ಬಿಗಿತ ಸ್ವಲ್ಪ ಹೊತ್ತು ಇಳಿಯುತ್ತದೆ, ನೋವು ತಗ್ಗುತ್ತದೆ. ಸೊಂಟ ಬ್ಯಾಲೆನ್ಸ್ ಆಯಿತು ಅಂತ ನಾವು ಹೇಳುವುದು ಅಷ್ಟನ್ನೇ. ಮೂಳೆ ಜಾರಿದೆ ಅಂತ ಒಮ್ಮೆ ತಲೆಗೆ ಹೋದರೆ ಜನ ಬಗ್ಗಲು, ಕೊಡ ಎತ್ತಲು, ಮಗುವನ್ನು ಎತ್ತಿಕೊಳ್ಳಲು ಕೂಡ ಹೆದರುತ್ತಾರೆ. ಆ ಹೆದರಿಕೆ ನೋವಿಗಿಂತ ಕೆಟ್ಟದ್ದು.

ಹಾಗಾಗಿ ನೋವು ತಗ್ಗಿರುವ ಆ ಹೊತ್ತಿನಲ್ಲೇ ವ್ಯಾಯಾಮ ಶುರು. ಮೊದಲು ಸೇತುಬಂಧ (ಅಂಗಾತ ಮಲಗಿ ಮೊಣಕಾಲು ಮಡಚಿ ಸೊಂಟ ಎತ್ತುವುದು), ಆಮೇಲೆ ಪಕ್ಕಕ್ಕೆ ಮಲಗಿ ಕಾಲೆತ್ತುವುದು, ಕೊನೆಗೆ ಕುರ್ಚಿಯಿಂದ ಕೈ ಊರದೆ ಏಳುವುದು. ಮನೆಯಲ್ಲಿ ಇವನ್ನು ಮಾಡುವವರಿಗೆ ಬ್ಲಾಕ್‌ನ ಅಗತ್ಯ ಬೇಗ ಮುಗಿಯುತ್ತದೆ. ಮಾಡದವರು ಅದೇ ನೋವು ಹೊತ್ತು ಮತ್ತೆ ಬರುತ್ತಾರೆ.

ತೊಡೆ ಸಂದಿಯಲ್ಲಿ ಮರಗಟ್ಟುವುದು, ಮೂತ್ರ ಹಿಡಿತ ತಪ್ಪುವುದು ಅಥವಾ ಕಟ್ಟುವುದು, ಕಾಲಿನ ಬಲ ಕುಗ್ಗುವುದು ಇದ್ದರೆ ಬ್ಲಾಕ್ ಮುಟ್ಟುವುದೇ ಇಲ್ಲ, ಅದೇ ದಿನ ಆಸ್ಪತ್ರೆಗೆ ಕಳಿಸುತ್ತೇನೆ. ಜ್ವರ, ಬಿದ್ದ ಪೆಟ್ಟು, ಮೂಳೆ ಸವೆತ (ಆಸ್ಟಿಯೋಪೊರೋಸಿಸ್), ಕ್ಯಾನ್ಸರ್ ಆಗಿದ್ದ ಹಿನ್ನೆಲೆ ಇದ್ದರೂ ಮೊದಲು ವೈದ್ಯರು ನೋಡಬೇಕು, ಆಮೇಲೆ ನಾನು.