ರಾತ್ರಿ ಎಂಟೂ ಮುಕ್ಕಾಲಿಗೆ ನೋಡಿದ ಮನೆ

ಹನುಮಂತನಗರದಲ್ಲಿ ನಾವು ಬಾಡಿಗೆ ಮನೆ ಬದಲಿಸುವಾಗಲೆಲ್ಲ ಅಮ್ಮ ಹೊಸ ಮನೆಯನ್ನು ಎರಡು ಸಲ ನೋಡುತ್ತಿದ್ದರು. ಮೊದಲ ಸಲ ಮಾಲೀಕರು ಕರೆದ ಹೊತ್ತಿಗೆ. ಎರಡನೆಯ ಸಲ ಯಾರಿಗೂ ಹೇಳದೆ, ಕಾವೇರಿ ನೀರು ಬಿಡುವ ಹೊತ್ತಿಗೆ. ಸಂಪಿನೊಳಗೆ ನೀರು ಬೀಳುವ ಸದ್ದು ಕೇಳುತ್ತದೆಯೇ, ಅಕ್ಕಪಕ್ಕದವರು ನೀರಿಗಾಗಿ ಜಗಳಕ್ಕೆ ನಿಲ್ಲುತ್ತಾರೆಯೇ ಎಂದು ಗೇಟಿನ ಬಳಿ ನಿಂತು ನೋಡುತ್ತಿದ್ದರು. ಹಿಂದಿರುಗುವಾಗ ಮೂಲೆಯಲ್ಲಿ ಹೂ ಕಟ್ಟುತ್ತಾ ಕುಳಿತವರ ಹತ್ತಿರ ಒಂದು ಮೊಳ ಕನಕಾಂಬರ ಕೊಂಡು ನಾಲ್ಕು ಮಾತನಾಡುತ್ತಿದ್ದರು. ಮಾಲೀಕರು ಹೇಳದೆ ಬಿಟ್ಟದ್ದೆಲ್ಲ ಆ ಹೂವಿನ ಜೊತೆಗೆ ಮನೆಗೆ ಬರುತ್ತಿತ್ತು.

2022ರ ಅಕ್ಟೋಬರಿನಲ್ಲಿ ನರ್ಸ್ ಕೆಲಸಕ್ಕೆಂದು ಲಂಡನ್ನಿಗೆ ಹೊರಟಾಗ ನನಗೆ ಗೊತ್ತಿದ್ದ ಮನೆ ಹುಡುಕುವ ವಿದ್ಯೆ ಇಷ್ಟೇ. ವಾಯವ್ಯ ಲಂಡನ್ನಿನ ಆಸ್ಪತ್ರೆಯವರು ಮೊದಲ ತಿಂಗಳಿಗೆ ಒಂದು ಕೋಣೆ ಕೊಟ್ಟಿದ್ದರು. ಅಷ್ಟರೊಳಗೆ ನನ್ನದೇ ಜಾಗ ನೋಡಿಕೊಳ್ಳಬೇಕಿತ್ತು. ಮೂರು ವರ್ಷ ಅಲ್ಲಿದ್ದು ಈಗ ಬೆಂಗಳೂರಿಗೆ ಮರಳಿದ್ದೇನೆ. ಹೊರಡಲು ಸಿದ್ಧರಾದ ಹುಡುಗಿಯರು ಮನೆಗೆ ಬಂದು ಎಲ್ಲಕ್ಕಿಂತ ಮೊದಲು ಕೇಳುವ ಪ್ರಶ್ನೆ ಒಂದೇ: "ಅಕ್ಕ, ಯಾವ ಏರಿಯಾ ಸೇಫ್?"

ನಾನೂ ಹೀಗೆಯೇ ಕೇಳಿದ್ದೆ. ಪರಿಚಯದವರೆಲ್ಲ ನಮ್ಮವರು ಹೆಚ್ಚಾಗಿರುವ ಕಡೆಗೆ ಹೋಗು ಎಂದು ಹ್ಯಾರೋ, ವೆಂಬ್ಲಿ, ಹೌನ್ಸ್ಲೋ, ಸೌತಾಲ್, ಈಸ್ಟ್ ಹ್ಯಾಮ್ ಎಂದು ಪಟ್ಟಿ ಕೊಟ್ಟರು. ಕರಿಬೇವು, ತೊಗರಿಬೇಳೆ ಸಿಗುವುದಕ್ಕೆ ಅದು ಒಳ್ಳೆಯ ಪಟ್ಟಿ. ಆದರೆ ಜಯನಗರ ಸುರಕ್ಷಿತವೇ ಎಂದು ಯಾರಾದರೂ ಕೇಳಿದರೆ ನಾವು ಯಾವ ಬ್ಲಾಕ್, ಯಾವ ಕ್ರಾಸ್, ಎಷ್ಟು ಹೊತ್ತಿಗೆ ಎಂದು ಮರಳಿ ಕೇಳುತ್ತೇವಲ್ಲವೇ? ನನ್ನ ಪಾಳಿ ಬೆಳಿಗ್ಗೆ ಏಳೂವರೆಯಿಂದ ರಾತ್ರಿ ಎಂಟರವರೆಗೆ. ಬಟ್ಟೆ ಬದಲಿಸಿ ರೈಲು ಹಿಡಿದರೆ ಮನೆಯ ಹತ್ತಿರದ ನಿಲ್ದಾಣದಲ್ಲಿ ಇಳಿಯುವಾಗ ಎಂಟೂ ಮುಕ್ಕಾಲು. ಲಂಡನ್ನಿನಲ್ಲಿ ಡಿಸೆಂಬರ್ ತಿಂಗಳಿನಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ ಎಂಟರ ಸುಮಾರಿಗೆ, ಮುಳುಗುವುದು ಸಂಜೆ ನಾಲ್ಕಕ್ಕೂ ಮೊದಲೇ. ಎಂದರೆ ಚಳಿಗಾಲದಲ್ಲಿ ಕೆಲಸದ ದಿನಗಳಂದು ಹೋಗುವಾಗಲೂ ಕತ್ತಲೆ, ಬರುವಾಗಲೂ ಕತ್ತಲೆ. ನನಗೆ ಇಡೀ ಹ್ಯಾರೋ ಬೇಕಿರಲಿಲ್ಲ. ನಿಲ್ದಾಣದಿಂದ ಬಾಗಿಲಿನವರೆಗಿನ ಹತ್ತು ನಿಮಿಷದ ದಾರಿ ಚೆನ್ನಾಗಿದ್ದರೆ ಸಾಕಿತ್ತು.

ಹೊರಡುವ ಮೊದಲು ಬೆಂಗಳೂರಿನಲ್ಲಿ ಕುಳಿತೇ ಅರ್ಧ ಕೆಲಸ ಮುಗಿಸಿದೆ. ಅಲ್ಲಿನ ಪೊಲೀಸರು ಪೊಲೀಸ್.ಯುಕೆ ಎಂಬ ತಾಣದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನ ಅಪರಾಧಗಳನ್ನು ಬೀದಿಬೀದಿಯ ಮಟ್ಟಕ್ಕೆ ನಕ್ಷೆಯಲ್ಲಿ ತೋರಿಸುತ್ತಾರೆ. ಪೋಸ್ಟ್‌ಕೋಡ್ ಹಾಕಿದರೆ ಒಂದೊಂದು ತಿಂಗಳಿನಲ್ಲಿ ಎಷ್ಟು ಮನೆಗಳ್ಳತನ, ಎಷ್ಟು ಸುಲಿಗೆ, ಎಷ್ಟು ವಾಹನ ಕಳವು ಎಂದು ಅಂಕಿ ಬರುತ್ತದೆ. ಮೊದಲ ರಾತ್ರಿ ಅದನ್ನು ನೋಡಿ ನನಗೆ ನಿದ್ದೆ ಬರಲಿಲ್ಲ. ನಾನು ಮೆಚ್ಚಿದ ಬೀದಿಯ ಪಕ್ಕದಲ್ಲೇ ದೊಡ್ಡ ಸಂಖ್ಯೆಯ ಒಂದು ಚುಕ್ಕೆ ಇತ್ತು. ಎರಡು ದಿನ ಬಿಟ್ಟು ಸಮಾಧಾನದಿಂದ ಬಿಡಿಸಿ ನೋಡಿದಾಗ ಅದರಲ್ಲಿ ಹೆಚ್ಚಿನದು ಸೂಪರ್‌ಮಾರ್ಕೆಟ್ಟಿನ ಅಂಗಡಿ ಕಳವು. ಇನ್ನೊಂದು ಕಡೆ ಹಿಂಸೆಯ ಪ್ರಕರಣಗಳು ರಾಶಿ ಬಿದ್ದಿದ್ದ ಚುಕ್ಕೆ ಒಂದು ಆಸ್ಪತ್ರೆಯ ಮೇಲಿತ್ತು. ತುರ್ತು ಚಿಕಿತ್ಸಾ ವಿಭಾಗದಲ್ಲಿ ದುಡಿದವರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಂದು ವಿಷಯ: ದೂರು ಕೊಟ್ಟವರ ಗುರುತು ಸಿಗಬಾರದೆಂದು ಆ ಚುಕ್ಕೆಗಳನ್ನು ನಿಜವಾದ ಮನೆಯ ಮೇಲೆ ಇಡದೆ ಹತ್ತಿರದ ಒಂದು ನಿಗದಿತ ಜಾಗಕ್ಕೆ ಸರಿಸಿರುತ್ತಾರೆ. ಆದ್ದರಿಂದ "ಈ ಮನೆಯ ಮುಂದೆಯೇ ನಡೆದಿದೆ" ಎಂದು ಓದಬಾರದು.

ಹಾಗಾಗಿ ಒಟ್ಟು ಮೊತ್ತವನ್ನು ಬದಿಗಿಟ್ಟೆ. ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಪೋಸ್ಟ್‌ಕೋಡುಗಳಿಗೆ ಹನ್ನೆರಡು ತಿಂಗಳ ಮೂರೇ ಅಂಕಿಗಳನ್ನು ಬರೆದುಕೊಂಡೆ: ಸುಲಿಗೆ, ಮೈಮೇಲಿನ ವಸ್ತುಗಳ ಕಳವು, ಮನೆಗಳ್ಳತನ. ದಾರಿಯಲ್ಲಿ ನಡೆಯುವ ಒಂಟಿ ಹೆಂಗಸಿಗೆ ತಟ್ಟುವುದು ಹೆಚ್ಚಾಗಿ ಇವೇ. ಒಂದೇ ತಿಂಗಳನ್ನು ನೋಡಿದ್ದರೆ ಮೋಸ ಹೋಗುತ್ತಿದ್ದೆ, ಏಕೆಂದರೆ ಆಗಸ್ಟಿನಲ್ಲಿ ತಣ್ಣಗಿದ್ದ ಒಂದು ಬೀದಿಯಲ್ಲಿ ನವೆಂಬರ್, ಡಿಸೆಂಬರ್ ಬಂದರೆ ಮನೆಗಳ್ಳತನ ಏರುತ್ತಿತ್ತು.

ಆಮೇಲೆ ಬೀದಿಗಳ ಚಿತ್ರ ತೋರಿಸುವ ಗೂಗಲ್ ಸ್ಟ್ರೀಟ್ ವ್ಯೂನಲ್ಲಿ ನಡೆದೆ. ರಾತ್ರಿ ಊಟವಾದ ಮೇಲೆ ಅಮ್ಮನೂ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂರುತ್ತಿದ್ದರು. ನಿಲ್ದಾಣದಿಂದ ಮನೆಯವರೆಗೆ ಬಾಣದ ಗುರುತು ಒತ್ತುತ್ತಾ ಹೋಗುವುದು, ದೀಪದ ಕಂಬ ಎಣಿಸುವುದು, ಮನೆಗಳ ಕಿಟಕಿ ರಸ್ತೆಗೆ ಮುಖ ಮಾಡಿವೆಯೋ ಅಥವಾ ಎರಡೂ ಕಡೆ ಬರೀ ಹಿತ್ತಿಲ ಬೇಲಿಯೋ ಎಂದು ನೋಡುವುದು. "ಇಲ್ಲಿ ಯಾರ ಮನೆಯ ಬಾಗಿಲೂ ಇಲ್ಲವಲ್ಲೇ, ಕೂಗಿದರೆ ಯಾರಿಗೆ ಕೇಳುತ್ತದೆ?" ಎಂದು ಅಮ್ಮ ಒಂದು ದಾರಿಯನ್ನು ನಿಲ್ಲಿಸಿಯೇಬಿಟ್ಟರು. ನನ್ನ ಕಣ್ಣಿಗೆ ಅಲ್ಲಿ ಹಸಿರು ಬೇಲಿ ಮಾತ್ರ ಕಂಡಿತ್ತು. ಚಿತ್ರ ತೆಗೆದ ತಿಂಗಳು ಅಲ್ಲೇ ನಮೂದಾಗಿರುತ್ತದೆ, ಅದನ್ನೂ ನೋಡಬೇಕು. ಜೂನಿನಲ್ಲಿ ಲಂಡನ್ನಿನಲ್ಲಿ ರಾತ್ರಿ ಒಂಬತ್ತು ದಾಟಿದರೂ ಬೆಳಕಿರುತ್ತದೆ. ಆ ಚಿತ್ರ ನೋಡಿ ಡಿಸೆಂಬರನ್ನು ಊಹಿಸಲಾಗದು.

ಈ ನಡುವೆ ಒಂದು ಕಡೆ ಎಡವುವುದರಲ್ಲಿದ್ದೆ. ಜಾಹೀರಾತಿನಲ್ಲಿ ಕಂಡ ಒಂದು ಚೆಂದದ ಮನೆಯ "ಮಾಲೀಕರು" ತಾವು ಬೇರೆ ದೇಶದಲ್ಲಿರುವುದಾಗಿಯೂ, ಒಂದು ವಾರದ ಬಾಡಿಗೆ ಕಳುಹಿಸಿದರೆ ಮನೆ ಕಾದಿರಿಸಿ ಕೀಲಿಯನ್ನು ಕೊರಿಯರ್ ಮಾಡುವುದಾಗಿಯೂ ಬರೆದರು. ಮಾತು ತುಂಬಾ ಮರ್ಯಾದೆಯದು. ಹಣ ಕಳುಹಿಸುವ ಮುನ್ನ ಆಸ್ತಿ ಯಾರ ಹೆಸರಿನಲ್ಲಿದೆ ಎಂದು ದಾಖಲಿಸುವ ಅಲ್ಲಿನ ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಆ ಮನೆಯ ದಾಖಲೆ ತೆಗೆಸಿದೆ. ಆಗ ಅದಕ್ಕೆ 3 ಪೌಂಡ್ ಇತ್ತು, ಆಮೇಲೆ 7 ಆಯಿತು. ದಾಖಲೆಯಲ್ಲಿ ಇದ್ದ ಹೆಸರೇ ಬೇರೆ. ಅದನ್ನು ಕೇಳಿ ಬರೆದ ಪತ್ರಕ್ಕೆ ಉತ್ತರವೇ ಬರಲಿಲ್ಲ. ಅಂದಿನಿಂದ ನಾನಾಗಲಿ, ನಾನು ನಂಬುವವರಾಗಲಿ ಕಾಲಿಡದ ಮನೆಗೆ ಒಂದು ಪೈಸೆಯನ್ನೂ ಕೊಡಲಿಲ್ಲ, ಬೇರೆಯವರಿಗೂ ಕೊಡಲು ಬಿಡುವುದಿಲ್ಲ.

ಲಂಡನ್ನಿಗೆ ಹೋದ ಮೇಲೆ ಹ್ಯಾರೋ ಪಕ್ಕದ ಕೆಂಟನ್ ಬಳಿ ಎರಡು ಕೋಣೆಗಳು ಉಳಿದವು. ಎರಡೂ ಟ್ಯೂಬ್ ಎಂದು ಕರೆಯುವ ಲಂಡನ್ ಮೆಟ್ರೋದ ಬೇಕರ್ಲೂ ಮಾರ್ಗದಲ್ಲಿ ಆಸ್ಪತ್ರೆಗೆ ಐದು ನಿಲ್ದಾಣ ದೂರ. ಒಂದಕ್ಕೆ ತಿಂಗಳಿಗೆ 670 ಪೌಂಡ್, ಇನ್ನೊಂದಕ್ಕೆ 750. ಇಬ್ಬರೂ ಮನೆ ತೋರಿಸಿದ್ದು ಶನಿವಾರ ಮಧ್ಯಾಹ್ನ. ಅಗ್ಗದ ಕೋಣೆಯೇ ದೊಡ್ಡದು, ಕಿಟಕಿಯಿಂದ ಬಿಸಿಲು ಬೇರೆ ಬೀಳುತ್ತಿತ್ತು. ಮನಸ್ಸು ಅಲ್ಲೇ ನಿಂತಿತ್ತು.

ಮಂಗಳವಾರ ಪಾಳಿ ಮುಗಿಸಿ, ಅದೇ ರೈಲು ಹಿಡಿದು, ಎಂಟೂ ಮುಕ್ಕಾಲಿಗೆ ಇಳಿದು ಆ ಅಗ್ಗದ ಕೋಣೆಯ ಕಡೆಗೆ ಒಬ್ಬಳೇ ನಡೆದೆ. ನಕ್ಷೆ ತೋರಿಸಿದ ಹತ್ತಿರದ ದಾರಿ ಎರಡು ಸಾಲು ಹಿತ್ತಿಲುಗಳ ನಡುವಿನ ಓಣಿಯೊಳಗೆ ಹೋಯಿತು. ಕೈ ಚಾಚಿದರೆ ಎರಡೂ ಬೇಲಿಗೆ ತಗಲುವಷ್ಟು ಅಗಲ. ಮೊದಲ ದೀಪ ಉರಿಯುತ್ತಿತ್ತು. ನಡುವಿನದು ಕೆಟ್ಟಿತ್ತು. ಕೊನೆಯ ದೀಪದವರೆಗೆ ನಲವತ್ತು ಹೆಜ್ಜೆ ಇದ್ದಿರಬಹುದು. ಒದ್ದೆ ಎಲೆಗಳ ಮೇಲೆ ನನ್ನದೇ ಕಾಲಿನ ಸದ್ದು ಬೇರೆಯವರದ್ದೆಂಬಂತೆ ಕೇಳಿಸಿತು. ಹತ್ತು ಹೆಜ್ಜೆ ಹೋದವಳು ತಿರುಗಿ ಬಂದೆ.

ಓಣಿಯ ಬಾಯಿಯಲ್ಲಿ ಒಂದು ದಿನಸಿ ಅಂಗಡಿ ಇತ್ತು. ಅಮ್ಮನ ಹೂವಿನ ನೆನಪಾಗಿ ಒಳಗೆ ಹೋಗಿ ಒಂದು ಕಟ್ಟು ಕೊತ್ತಂಬರಿ ಸೊಪ್ಪು ತೆಗೆದುಕೊಂಡೆ. ಗಲ್ಲಾದಲ್ಲಿದ್ದವರು ಶ್ರೀಲಂಕಾದ ತಮಿಳರು, ಅರವತ್ತರ ಆಸುಪಾಸಿನವರು. ಬೆಂಗಳೂರಿನ ಬೀದಿಯಲ್ಲಿ ಕಲಿತ ನನ್ನ ತಮಿಳಿನಲ್ಲಿ, ಹಿಂದಿನ ಬೀದಿಯಲ್ಲಿ ಮನೆ ನೋಡುತ್ತಿದ್ದೇನೆ, ಹೇಗೆ ಎಂದು ಕೇಳಿದೆ. ಚಿಲ್ಲರೆ ಎಣಿಸುತ್ತಿದ್ದ ಅವರ ಕೈ ನಿಂತಿತು. "ಬೀದಿಯವರು ಒಳ್ಳೆಯವರಮ್ಮ. ಆದರೆ ಕತ್ತಲಾದ ಮೇಲೆ ಈ ಓಣಿ ಬೇಡ. ನನ್ನ ಮಗಳಿಗೂ ಸುತ್ತಿಕೊಂಡೇ ಬಾ ಎಂದು ಹೇಳಿದ್ದೇನೆ" ಎಂದರು. ಸುತ್ತು ದಾರಿಗೆ ಇನ್ನೂ ಎಂಟು ನಿಮಿಷ, ಅದರಲ್ಲಿ ಅರ್ಧ ಉದ್ಯಾನದ ಅಂಚಿನಲ್ಲಿ. ಎರಡನೆಯ ಕೋಣೆಯ ವಿಷಯ ಕೇಳಿದೆ. ಅದು ಬಸ್ ಓಡಾಡುವ ರಸ್ತೆ, ಹತ್ತರವರೆಗೆ ಅಂಗಡಿ ತೆರೆದಿರುತ್ತವೆ, ಗಲಾಟೆ ಇರುತ್ತದೆ ಎಂದರು. ಆ ಗಲಾಟೆಯೇ ನನಗೆ ಬೇಕಾಗಿತ್ತು. 750ರ ಕೋಣೆಗೆ ಒಪ್ಪಿದೆ. ಹೊಸ ಊರಿನ ಮೊದಲ ವರ್ಷದಲ್ಲಿ ಬೆಳಕಿರುವ ದಾರಿಗೆ ಕೊಟ್ಟ 80 ಪೌಂಡ್ ದುಬಾರಿ ಎಂದು ನನಗೆ ಒಂದು ದಿನವೂ ಅನ್ನಿಸಲಿಲ್ಲ.

ಮನೆಯೊಳಗೆ ನೋಡಿದ್ದು ಕಡಿಮೆ: ಪ್ರತಿ ಮಹಡಿಯಲ್ಲಿ ಹೊಗೆ ಪತ್ತೆಯ ಅಲಾರಂ, ಆ ವರ್ಷದ ಗ್ಯಾಸ್ ಸುರಕ್ಷತಾ ಪ್ರಮಾಣಪತ್ರ, ನನ್ನ ಕೋಣೆಗೆ ಬೀಗ. ಐದು ಅಥವಾ ಹೆಚ್ಚು ಜನ ಹಂಚಿಕೊಂಡಿರುವ ಮನೆಗೆ ಸ್ಥಳೀಯ ಕೌನ್ಸಿಲ್‌ನ ಪರವಾನಗಿ ಬೇಕು, ಅದರ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಅಭ್ಯಾಸವಾದ ನಮಗೆ ಅಲ್ಲಿನ ಠೇವಣಿಯ ನಿಯಮ ಹಿತವೆನಿಸುತ್ತದೆ. ಸಾಮಾನ್ಯ ಬಾಡಿಗೆಗೆ ಐದು ವಾರದ ಮೊತ್ತಕ್ಕಿಂತ ಹೆಚ್ಚು ಕೇಳುವಂತಿಲ್ಲ, ಅದನ್ನೂ 30 ದಿನಗಳೊಳಗೆ ಸರ್ಕಾರ ಒಪ್ಪಿದ ಠೇವಣಿ ಯೋಜನೆಯೊಂದರಲ್ಲಿ ಇಡಬೇಕು. ನಾನು ಹೋದಾಗ ಹೊರದೇಶದವರಿಂದ ಆರು ತಿಂಗಳ ಬಾಡಿಗೆಯನ್ನು ಮೊದಲೇ ಕೇಳುವವರಿದ್ದರು. 2025ರಲ್ಲಿ ಬಂದ ಬಾಡಿಗೆದಾರರ ಹಕ್ಕುಗಳ ಕಾಯ್ದೆ 2026ರ ಮೇ 1ರಿಂದ ಅದಕ್ಕೆ ಕಡಿವಾಣ ಹಾಕುತ್ತದೆ.

ಒಂದು ಪೆಟ್ಟು ಬಿದ್ದದ್ದು ನನ್ನ ಜೊತೆಯವಳಿಗೆ. ನಿಲ್ದಾಣದ ಹೊರಗೆ ನಿಂತು ಮೊಬೈಲಿನಲ್ಲಿ ದಾರಿ ನೋಡುತ್ತಿದ್ದಾಗ ಸೈಕಲ್ಲಿನಲ್ಲಿ ಬಂದವನು ಅದನ್ನು ಕಿತ್ತುಕೊಂಡು ಹೋದ. ಮೊಬೈಲ್ ಕಿತ್ತುಕೊಳ್ಳುವುದು ಲಂಡನ್ನಿನ ದೊಡ್ಡ ಪಿಡುಗು. ಅದಕ್ಕೇ ಈಗ ಹೊರಡುವವರಿಗೆ, ಮನೆ ಸೇರುವ ಮೊದಲೇ ದಾರಿಯನ್ನು ಬಾಯಿಪಾಠ ಮಾಡಿಕೊಳ್ಳಿ, ಬೀದಿಯಲ್ಲಿ ನಕ್ಷೆ ತೆರೆಯಬೇಡಿ ಎನ್ನುತ್ತೇನೆ. ರಾತ್ರಿಯಿಡೀ ಓಡುವ ಟ್ಯೂಬ್ ಶುಕ್ರವಾರ, ಶನಿವಾರ ಮಾತ್ರ, ಅದೂ ಐದೇ ಮಾರ್ಗಗಳಲ್ಲಿ. ನನ್ನ ಬೇಕರ್ಲೂ ಅದರಲ್ಲಿ ಇರಲಿಲ್ಲ. ಕೊನೆಯ ರೈಲು ತಪ್ಪಿದರೆ ಯಾವ ರಾತ್ರಿ ಬಸ್ಸು, ಅದು ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಮೊದಲೇ ತಿಳಿದಿರಬೇಕು.

ಕಳೆದ ಭಾನುವಾರ ನನ್ನ ಹಳೆಯ ವಾರ್ಡಿನ ಹುಡುಗಿಯೊಬ್ಬಳು ತಾಯಿಯ ಜೊತೆ ಬಂದಿದ್ದಳು. ಲ್ಯಾಪ್‌ಟಾಪಿನಲ್ಲಿ ಮೂರು ಮನೆ ಗುರುತಿಸಿಕೊಂಡು ತಂದಿದ್ದಳು. ಮೂರನೆಯದರ ಅಂಕಿ ಎಲ್ಲಕ್ಕಿಂತ ಚೆನ್ನಾಗಿತ್ತು. ಬಾಣ ಒತ್ತುತ್ತಾ ನಡೆದೆವು. ರೈಲು ಸೇತುವೆಯ ಕೆಳಗಿನ ಸುರಂಗ ಬಂದಾಗ ಅವಳ ತಾಯಿ, "ಇದರೊಳಗೆ ದಿನಾ ಬರಬೇಕೇನಮ್ಮ?" ಎಂದು ನನ್ನನ್ನು ಕೇಳಿದರು. ಹುಡುಗಿ ಏನೂ ಹೇಳದೆ ಆ ಮನೆಯನ್ನು ಪಟ್ಟಿಯಿಂದ ಹೊಡೆದುಹಾಕಿದಳು. ಉಳಿದ ಎರಡನ್ನು ಅಲ್ಲಿರುವ ನನ್ನ ಗೆಳತಿಗೆ ಕಳುಹಿಸಿದ್ದೇವೆ. ಗುರುವಾರ ಅವಳಿಗೆ ಹಗಲು ಪಾಳಿ, ಮುಗಿಸಿಕೊಂಡು ರಾತ್ರಿ ಎಂಟೂ ಮುಕ್ಕಾಲಿಗೆ ಹೋಗಿ ನೋಡುತ್ತಾಳೆ.